ಯಮನಕ್ಕನ ಕರಿ ಐದು

ಕರಾರು ಸರಳವಾಗಿತ್ತು. ಇಪ್ಪತ್ತೆರಡು ಮಂದಿಯ ಸಂಗೀತ ನಾಟಕ ಕಂಪನಿಯನ್ನು ಮುಂಗಾರು ಹಿಡಿಯುವತನಕ ಒಡೆಯದಂತೆ ನಡೆಸಿ, ಅಷ್ಟೂ ಮಂದಿಯನ್ನು ಮಾಲಕನ ಕೈಗೆ ತಿರುಗಿ ಒಪ್ಪಿಸಿದರೆ ಮೇಲಿನ ದಂಡೆಯ ಸಣ್ಣ ಮಠ ಪಂಪಯ್ಯನದು. ಒಬ್ಬರು ಕಡಿಮೆಯಾದರೂ ಅವನು ಮತ್ತೆ ಉಗ್ರಾಣಕ್ಕೇ ಬರಬೇಕು. ಆ ಮಠದ ಮಾತನ್ನು ಇನ್ನೊಮ್ಮೆ ಎತ್ತಬಾರದು.

ಕರಾರು ಹಾಕಿದವರು ಹೊಳೆದಂಡೆಯ ಮಠದ ಗುರುಗಳು. ಒಪ್ಪಿಕೊಂಡವನು ಅವರ ಶಿಷ್ಯ ಪಂಪಯ್ಯ.

ಪಂಪಯ್ಯ ಮಠಕ್ಕೆ ಬರುವ ಮೊದಲು ಅಡತಿ ಅಂಗಡಿಯಲ್ಲಿ ಕಾಳು ತೂಗಿಸುತ್ತಿದ್ದವನು. ಮಠದಲ್ಲೂ ಅವನ ಪಾಲಿಗೆ ಬಂದದ್ದು ಉಗ್ರಾಣವೇ. ಜೋಳ, ಬೇಳೆ, ಬೆಲ್ಲ ನೋಡಿಕೊಳ್ಳುವುದು, ಪಂಕ್ತಿಗೆ ಬಡಿಸುವುದು, ಸಂಜೆ ಭಜನೆಗೆ ಹಾರ್ಮೋನಿಯಂ ಪೇಟಿ ನುಡಿಸುವುದು. ಎಲ್ಲವನ್ನೂ ಚೊಕ್ಕಟವಾಗಿ ಮಾಡುತ್ತಿದ್ದ.

ಆದರೆ ಎರಡು ಕೋಣೆ, ಒಂದು ಬಾವಿ ಇದ್ದ ಆ ಖಾಲಿ ಮಠದ ಮೇಲೆ ಅವನ ಕಣ್ಣು ಬಿದ್ದು ಬಹಳ ವರ್ಷವಾಗಿತ್ತು. ತನ್ನದೇ ಒಂದು ಜಾಗ, ತನ್ನ ಮಾತು ಕೇಳುವ ನಾಲ್ಕು ಜನ. ಎರಡು ಸಲ ಬಾಯಿಬಿಟ್ಟು ಕೇಳಿದ್ದ. ಎರಡು ಸಲವೂ ಗುರುಗಳು, ಬೇಳೆಗೆ ಹುಳ ಬಿದ್ದಿದೆಯೋ ಏನೋ ನೋಡಿ ಬಾ ಎಂದು ಕಳಿಸಿದ್ದರು.

ಅಷ್ಟರಲ್ಲಿ ಗದಿಗೆಪ್ಪ ಬಂದ. ಬಂದ ಎನ್ನುವುದಕ್ಕಿಂತ, ನಾಲ್ಕು ಜನ ಹೊರಸಿನ ಮೇಲೆ ಹೊತ್ತು ತಂದರು. ಪರದೆಯ ಹಗ್ಗ ಸಿಕ್ಕಿಕೊಂಡಿದ್ದನ್ನು ಬಿಡಿಸಲು ಏಣಿ ಹತ್ತಿ, ಬಿದ್ದು ತೊಡೆ ಮುರಿದುಕೊಂಡಿದ್ದ.

ಗದಿಗೆಪ್ಪ ಕಂಪನಿಯ ಮಾಲಕ, ಪೇಟಿ ಮಾಸ್ತರನೂ ಅವನೇ. ರಂಗದ ಕೆಳಗೆ ಕಾಲುಪೇಟಿಯ ಮುಂದೆ ಕೂತು ಕಂಪನಿ ನಡೆಸುವುದು ಅವನ ರೀತಿ. ಈಗ ಮಳೆಗಾಲ ಬರುವತನಕ ಏಳುವ ಹಾಗಿಲ್ಲ ಎಂದು ವೈದ್ಯರು ಹೇಳಿದ್ದರು. ಅತ್ತ ದೊಡ್ಡ ಕಂಪನಿಯೊಂದರ ಏಜೆಂಟ ಬಂದು ಚಹಾದ ಅಂಗಡಿಯಲ್ಲಿ ಕೂತಿದ್ದ. ಒಬ್ಬರನ್ನು ಕಿತ್ತರೆ ಸಾಕು, ಉಳಿದವರು ತಾವಾಗಿಯೇ ಬರುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಗದಿಗೆಪ್ಪನಿಗೂ ಗೊತ್ತಿತ್ತು.

ತಾನು ಏಳುವತನಕ ತನ್ನ ಜಾಗದಲ್ಲಿ ಕೂತುಕೊಳ್ಳಲು ಒಬ್ಬರನ್ನು ಕೊಡಿ ಎಂದು ಕೇಳಿದ.

"ಪೇಟಿ ನುಡಸಾವ ಬೇಕೋ, ಮಂದಿ ಕಾಯಾವ ಬೇಕೋ?" ಎಂದರು ಗುರುಗಳು.

"ನಮ್ಮಲ್ಲಿ ಎರಡೂ ಒಂದ ಸ್ಟೂಲಿನ ಮ್ಯಾಲೆ ಕೂಡ್ತಾವ್ರಿ ಅಜ್ಜಾರ."

ಗುರುಗಳು ಪಂಪಯ್ಯನ ಕಡೆ ನೋಡಿದರು. ಕರಾರು ಆಗ ಆಯಿತು.

*

ಕಂಪನಿ ಹೊಳೆಯಾಚೆಯ ಊರಲ್ಲಿ ಡೇರೆ ಹಾಕಿತ್ತು. ಪಂಪಯ್ಯ ಹೋದವನು ಮೊದಲು ಅಡಿಗೆಮನೆ ನೋಡಿದ, ಆಮೇಲೆ ಪೆಟ್ಟಿಗೆಗಳನ್ನು ನೋಡಿದ. ಎಲ್ಲ ಸರಿಯಿತ್ತು. ಸ್ಟೂಲಿನ ಮೇಲೆ ಮಾತ್ರ ತುದಿಯಲ್ಲಿ ಕೂತ, ಬೇರೆಯವರ ಮನೆಯ ಜಗಲಿಯ ಮೇಲೆ ಕೂತ ಹಾಗೆ.

ಕ್ಯಾಂಪು ಹಳತಾಗಿತ್ತು. ಊರಿನವರು ನೋಡುವುದನ್ನೆಲ್ಲ ನೋಡಿ ಮುಗಿಸಿದ್ದರು, ಡೇರೆ ಅರ್ಧ ತುಂಬುತ್ತಿರಲಿಲ್ಲ. ಮುಂದಿನ ಊರಿಗೆ ಹೋಗೋಣವೇ ಎಂದು ತಬಲಾದ ಮೌಲಾಸಾಬ ಕೇಳಿದ. ಗದಿಗೆಪ್ಪನವರು ಎದ್ದಮೇಲೆ ನೋಡೋಣ ಎಂದ ಪಂಪಯ್ಯ. ಮೂರನೆಯ ಅಂಕ ಎಳೆಯುತ್ತದೆ, ಸ್ವಲ್ಪ ಕತ್ತರಿಸೋಣವೇ ಎಂದು ಹಾಸ್ಯಪಾತ್ರದ ದ್ಯಾಮಣ್ಣ ಕೇಳಿದ. ಅದಕ್ಕೂ ಅದೇ ಉತ್ತರ. ಹರಿದ ಪರದೆಗೆ ತೇಪೆ ಹಾಕಲೇ ಎಂದು ಕೇಳಿದ್ದಕ್ಕೂ ನೋಡೋಣ.

ದ್ಯಾಮಣ್ಣ ಅವನಿಗೆ 'ನೋಡೋಣು ಸಾವಕಾರ' ಎಂದು ಹೆಸರಿಟ್ಟ. ಹೆಸರು ಎರಡು ದಿನದಲ್ಲಿ ಊರಿಗೇ ಗೊತ್ತಾಯಿತು. ಗೇಟಿನಲ್ಲಿ ಟಿಕೇಟು ಹರಿಯುವವನು ಕೂಡ, ಒಳಗೆ ಜಾಗ ಇದೆಯೇ ಎಂದವರಿಗೆ ನೋಡೋಣು ಎನ್ನತೊಡಗಿದ.

ಪಂಪಯ್ಯ ಹೊಳೆ ದಾಟಿ ಗುರುಗಳ ಹತ್ತಿರ ಬಂದ. ಮಂದಿ ತನ್ನ ಮಾತಿಗೆ ಕಿಮ್ಮತ್ತು ಕೊಡುತ್ತಿಲ್ಲ ಎಂದು ಹೇಳಿಕೊಂಡ.

"ನಾ ಹಂಗಾಮಿ ಅಜ್ಜಾರ. ಇವತ್ತಿದ್ದು ನಾಳೆ ಹೋಗಾವ. ನಾ ಏನಂತ ತೀರ್ಮಾನ ಕೊಡ್ಲಿ?"

ಗುರುಗಳು, ನಡೆ, ಬಿಟ್ಟು ಬರ್ತೀನಿ ಎಂದು ಅವನ ಜೊತೆ ಹರಿಗೋಲು ಹತ್ತಿದರು.

ನಡುಹೊಳೆಗೆ ಬಂದಾಗ ಅವರು ಹುಟ್ಟು ಹಾಕುವವನನ್ನು ಕೇಳಿದರು. "ಈ ಹರಿಗೋಲು ನಿಂದೇನಪಾ?"

"ಅಲ್ರಿ, ನಮ್ಮ ಮಾವಂದು. ಜ್ವರ ಬಂದು ಮಲಗ್ಯಾನ. ಅವ ಏಳೂತನಕ ನಾ."

ಗುರುಗಳು ಪಂಪಯ್ಯನ ಕಡೆ ತಿರುಗಿದರು. "ಕೇಳಿದಿಲ್ಲೊ? ಇಳಿ."

"ಇಲ್ಲೇ ಏನ್ರಿ? ನೀರು ಆಳುದ್ದ ಐತಿ."

"ಇವ ಹಂಗಾಮಿ ಅಂತ ಗೊತ್ತಾತಲ್ಲ. ಇನ್ನ ಇವನ ಕೈಯಾಗ ಹ್ಯಾಂಗ ಕೂಡ್ತಿ?"

ಹುಟ್ಟಿನವನು ನಕ್ಕ. "ಸುಮ್ಮ ಕೂಡ್ರಿ ಅಜ್ಜಾರ. ಹಂಗಾಮಿ ಅಂತ ನಾ ಹುಟ್ಟು ಬಿಟ್ರ ಮೂರೂ ಮಂದಿ ಹೋಗ್ತೀವಿ."

ಗುರುಗಳು ಆ ದಂಡೆಯಲ್ಲಿ ಇಳಿಯಲಿಲ್ಲ. ಅದೇ ಹರಿಗೋಲಿನಲ್ಲಿ ತಿರುಗಿ ಹೋದರು.

ಮರುದಿನ ಪಂಪಯ್ಯ ಡೇರೆ ಕೀಳಿಸಿದ. ಮೂರನೆಯ ಅಂಕದ ದ್ಯಾಮಣ್ಣನ ಮಾತಿನಲ್ಲಿ ಅರ್ಧಕ್ಕರ್ಧ ಕತ್ತರಿಸಿದ. ದ್ಯಾಮಣ್ಣ ತಾನು ಕೇಳಿದ್ದು ಬೇರೆಯವರ ಮಾತು ಕತ್ತರಿಸಲು, ತನ್ನವನ್ನಲ್ಲ ಎಂದು ಜಗಳಕ್ಕೆ ಬಂದ. ಪಂಪಯ್ಯ ನೋಡೋಣ ಎನ್ನಲಿಲ್ಲ, ಆಗುವುದಿಲ್ಲ ಎಂದ. ಕಂಪನಿಗೆ ಸ್ವಲ್ಪ ಜೀವ ಬಂತು.

*

ಹೊಸ ಊರಿನಲ್ಲಿ ಸಂಗೀತ ನಾಟಕ ಆಡಬೇಕೆಂದು ನಿಶ್ಚಯವಾಯಿತು. ಇಷ್ಟು ದಿನ ಆಡಿದ್ದು ನಗೆನಾಟಕ, ಅದರಲ್ಲಿ ಹಾಡು ಕಡಿಮೆ. ಇದು ಹಾಗಲ್ಲ. ಮಗನನ್ನು ಕಳೆದುಕೊಂಡ ರಾಣಿ ಕಾಡುಮೇಡು ಅಲೆಯುತ್ತಾಳೆ, ಅಲೆದಲ್ಲೆಲ್ಲ ಹಾಡುತ್ತಾಳೆ.

ರಾಣಿ ಯಮನಕ್ಕ. ಅವಳ ಹೆಸರಿಗೇ ಈ ಸೀಮೆಯಲ್ಲಿ ಡೇರೆ ತುಂಬುತ್ತಿತ್ತು. ವಯಸ್ಸು ಐವತ್ತು ದಾಟಿತ್ತು, ಕಿರೀಟ ಇಟ್ಟರೆ ಮೂವತ್ತು ಕಾಣುತ್ತಿತ್ತು. ಕಂಪನಿಯಲ್ಲಿ ಎಲ್ಲರೂ ಅವಳನ್ನು ಅಕ್ಕಾರು ಎನ್ನುತ್ತಿದ್ದರು. ಏಜೆಂಟ ಚಹಾದ ಅಂಗಡಿಯಿಂದ ಅಂಗಡಿಗೆ ಹಿಂಬಾಲಿಸಿ ಬರುತ್ತಿದ್ದದ್ದೂ ಅವಳಿಗಾಗಿಯೇ.

ತಾಲೀಮಿನ ದಿನ ಪಂಪಯ್ಯ ಪೇಟಿಯ ಮುಂದೆ ಕೂತು, ಅಕ್ಕಾರ, ನಿಮ್ಮ ಸ್ವರ ಯಾವುದು ಎಂದು ಕೇಳಿದ. ಪೇಟಿಯ ಯಾವ ಪಟ್ಟಿಯಿಂದ ಅವರ ಸಾ ಹಿಡಿಯಬೇಕು ಎಂದು ಅದರ ಅರ್ಥ.

ಯಮನಕ್ಕ ಸೆರಗು ಸರಿಮಾಡಿಕೊಂಡಳು. "ಕರಿ ಐದು. ಹದಿನಾರು ವರ್ಷದಾಕಿ ಇದ್ದಾಗಿಂದ ನಂದು ಕರಿ ಐದು."

ಕರಿ ಐದು ಎಂದರೆ ಐದನೆಯ ಕರಿ ಪಟ್ಟಿ. ಹೆಣ್ಣುದನಿಗೂ ಅದು ಎತ್ತರವೇ. ಆ ಎತ್ತರದಲ್ಲಿ ಹಾಡುತ್ತೇನೆ ಎನ್ನುವುದೇ ಒಂದು ಹೆಮ್ಮೆ.

"ಕರಿ ಐದೇನ್ರಿ?" ಎಂದು ಮೌಲಾಸಾಬ ಪಂಪಯ್ಯನನ್ನು ಕೇಳಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಿದ.

"ಅಕ್ಕಾರ ಹೇಳಿದ್ರಲ್ಲ" ಎಂದ ಪಂಪಯ್ಯ.

ಮೌಲಾಸಾಬ ಚೀಲದಿಂದ, ಎತ್ತರದ ಸ್ವರಕ್ಕೆ ಬೇಕಾಗುವ ಸಣ್ಣ ಬಾಯಿಯ ತಬಲಾ ತೆಗೆದ. ಅದರ ಮೇಲೆ ಧೂಳಿತ್ತು. ಒರೆಸಿಕೊಂಡು, ಸುತ್ತಿಗೆಯಿಂದ ತಟ್ಟಿ ಸ್ವರಕ್ಕೆ ತಂದ. ತಾಲೀಮಿನಲ್ಲಿ ಯಮನಕ್ಕ ಮೆಲುದನಿಯಲ್ಲಿ ಗುನುಗಿ ಮುಗಿಸಿದಳು. ದೊಡ್ಡ ಹಾಡುಗಾರರು ಹಾಗೇ, ತಾಲೀಮಿಗೆ ಗಂಟಲು ಖರ್ಚು ಮಾಡುವುದಿಲ್ಲ.

ಆಟದ ದಿನ ಡೇರೆ ತುಂಬಿತು. ಕಾಡಿನ ಹಾಡಿಗೆ ಯಮನಕ್ಕ ಮುಂದೆ ಬಂದಳು. ಮೊದಲ ಸಾಲು ಸರಿಹೋಯಿತು. ಎರಡನೆಯ ಸಾಲು ಮೇಲಕ್ಕೆ ಏರುವಲ್ಲಿ ಸ್ವರ ಒಡೆಯಿತು, ಹಸಿ ಬಡಿಗೆ ಮುರಿದ ಹಾಗೆ. ಕೆಮ್ಮಿದಳು, ಧೂಳು ಎಂದು ಕೈಸನ್ನೆ ಮಾಡಿದಳು, ಮತ್ತೆ ಎತ್ತಿಕೊಂಡಳು. ಮತ್ತೆ ಒಡೆಯಿತು. ಹಿಂದಿನ ಸಾಲಿನವರು ಸೀಟಿ ಹೊಡೆದರು.

ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಡೇರೆಯಲ್ಲಿ ಅರ್ಧ ಮಂದಿ.

ಅಕ್ಕಾರದು ಮುಗಿದ ಹಾಗೆ ಎಂದು ದ್ಯಾಮಣ್ಣ ಹೇಳಿದ. ಪಕ್ಕದ ಊರಲ್ಲಿ ಹಾಡುವ ಒಬ್ಬಳು ಇದ್ದಾಳೆ, ಎಳೆಯ ಗಂಟಲು, ಕರೆಸೋಣ ಎಂದ. ಹೇಳಿದವನು ಕೆಟ್ಟವನಲ್ಲ, ಹೊಟ್ಟೆಯ ಮಾತು ಆಡಿದ. ಕೇಳಿದ ಪಂಪಯ್ಯನಿಗೂ ಅದು ಸರಿಯೆನ್ನಿಸಿತು. ಮುಗ್ಗಿದ ಚೀಲ ಅಂಗಡಿಯಲ್ಲಿಟ್ಟರೆ ಉಳಿದ ಚೀಲವೂ ಹಾಳು, ಅಡತಿಯಲ್ಲಿ ಅವನು ಕಲಿತದ್ದು ಅದೇ. ಆದರೆ ಅಕ್ಕನನ್ನು ಬಿಟ್ಟರೆ ಇಪ್ಪತ್ತೆರಡು ಇಪ್ಪತ್ತೊಂದಾಗುತ್ತದೆ. ಅವಳನ್ನೇ ಇಟ್ಟುಕೊಂಡರೆ ಉಳಿದ ಇಪ್ಪತ್ತೊಂದೂ ಹೋಗುತ್ತದೆ.

ಮತ್ತೆ ಹೊಳೆ ದಾಟಿದ.

*

ಗುರುಗಳು ಪಂಕ್ತಿಯ ನಡುವೆ ಓಡಾಡುತ್ತಿದ್ದರು. ಪಂಪಯ್ಯ ನಡೆದದ್ದನ್ನೆಲ್ಲ ಹೇಳಿದ. ತನ್ನ ತಪ್ಪಿಲ್ಲ ಎಂದೂ ಹೇಳಿದ. ಅವಳು ಕೇಳಿದ ಸ್ವರವನ್ನೇ ಕೊಟ್ಟಿದ್ದೇನೆ, ಒಂದು ಕೂದಲೂ ಹೆಚ್ಚುಕಡಿಮೆ ಇಲ್ಲ.

ಗುರುಗಳು ಸಾರಿನ ಬಕೆಟ್ಟು ಅವನ ಕೈಗೆ ಕೊಟ್ಟು, ಬಡಿಸು ಎಂದರು.

ಪಂಪಯ್ಯ ಬಡಿಸುತ್ತ ಹೋದ. ಬಳೆ ಮಾರುವವನೊಬ್ಬ ಪಂಕ್ತಿಯ ಕೊನೆಯಲ್ಲಿ ಕೂತಿದ್ದ. ಬಿಸಿಲಲ್ಲಿ ನಡೆದು ಬಂದವನು. ಬಕೆಟ್ಟು ಹತ್ತಿರ ಬಂದ ಕೂಡಲೇ ಅನ್ನದ ಮೇಲೆ ಕೈ ಅಡ್ಡ ಹಿಡಿದು, ಸಾಕು ಸಾಕು ಎಂದ. ಪಂಪಯ್ಯ ನಿಲ್ಲದೆ ಒಂದು ಸೌಟು ಸುರಿದು ಮುಂದೆ ಹೋದ. ಬಳೆಗಾರ ಕಲೆಸಿಕೊಂಡು ಉಂಡ.

"ಅವ ಸಾಕು ಅಂದನಲ್ಲ?" ಎಂದರು ಗುರುಗಳು.

"ಬೆರಳು ಬಿಟ್ಟಿದ್ದ್ರಿ ಅಜ್ಜಾರ. ನಿಜವಾಗಿ ಸಾಕಾದವ ಬೆರಳು ಕೂಡಿಸಿ ಹಿಡೀತಾನ. ಇವ ಸಂದಿ ಬಿಟ್ಟು ಹಿಡದಿದ್ದ."

"ಮತ್ತ ಸಾಕು ಯಾಕಂದ?"

"ನಾಕು ಮಂದ್ಯಾಗ ಬೇಕು ಅನ್ನಾಕ ನಾಚಿಕಿ."

"ಇದನ್ನ ಯಾರು ಕಲಿಸಿದ್ರು ನಿನಗ?"

"ಯಾರೂ ಇಲ್ರಿ. ಬಡಸಿ ಬಡಸಿ ಬಂತು."

"ಅಲ್ಲಿ ಯಾಕ ಮರತಿ?" ಎಂದು ಗುರುಗಳು ನೀರಿನ ತಂಬಿಗೆ ಎತ್ತಿಕೊಂಡು ಮುಂದಿನ ಪಂಕ್ತಿಗೆ ಹೋದರು.

ಪಂಪಯ್ಯ ಬಕೆಟ್ಟು ಹಿಡಿದು ಅಲ್ಲೇ ನಿಂತ. ಯಾರೋ ಸಾರು ಸಾರು ಎಂದು ಕೂಗಿದಾಗ ಎಚ್ಚರವಾಯಿತು.

ಆವತ್ತಿನ ಆಟದಲ್ಲಿ ಅವನು ಪೇಟಿ ನೋಡಲಿಲ್ಲ, ಯಮನಕ್ಕನನ್ನು ನೋಡಿದ. ಸ್ವರ ಏರುವ ಮೊದಲೇ ಅವಳ ಹಿಮ್ಮಡಿ ನೆಲದಿಂದ ಏಳುತ್ತಿತ್ತು. ಎಡಗೈ ಸೆರಗಿನ ತುದಿಯನ್ನು ಹಿಂಡುತ್ತಿತ್ತು. ಎತ್ತರದ ಮಾಡಿನಿಂದ ಏನನ್ನೋ ಇಳಿಸಿಕೊಳ್ಳುವವಳ ಹಾಗೆ ನಿಂತಿದ್ದಳು.

ಮರುದಿನ ಯಾರಿಗೂ ಹೇಳದೆ ಒಂದು ಪಟ್ಟಿ ಕೆಳಗೆ ಹಿಡಿದ. ಹಿಮ್ಮಡಿ ಇನ್ನೂ ಏಳುತ್ತಿತ್ತು. ಅದರ ಮರುದಿನ ಇನ್ನೊಂದು ಪಟ್ಟಿ ಇಳಿಸಿದ. ಮೂರನೆಯ ಪಟ್ಟಿಗೆ, ಬಿಳಿ ಐದಕ್ಕೆ ಬಂದಾಗ, ಹಿಮ್ಮಡಿ ನೆಲಕ್ಕೆ ಕೂತಿತು. ಸೆರಗು ಹಿಂಡುತ್ತಿದ್ದ ಕೈ ಬಿಚ್ಚಿ ಮುಂದೆ ಬಂತು, ಮಗನನ್ನು ಕರೆಯುವ ಹಾಗೆ. ಹಾಡು ಮುಗಿದಾಗ ಡೇರೆಯಿಂದ ಒನ್ಸ್ ಮೋರ್ ಬಂತು.

ಮೌಲಾಸಾಬ ತಾನಾಗಿಯೇ ದೊಡ್ಡ ಬಾಯಿಯ ತಬಲಾಕ್ಕೆ ಬಂದಿದ್ದ. ಯಾಕೆ ಎಂದು ಪಂಪಯ್ಯ ಕೇಳಲಿಲ್ಲ. ಪೇಟಿ ಎಲ್ಲಿಗೆ ಹೋಗುತ್ತದೋ ತಾನು ಅಲ್ಲಿಗೆ ಹೋಗುವವನು ಎಂಬಂತೆ ಮುದುಕ ಎಲೆಯಡಿಕೆ ಹಾಕಿಕೊಂಡು ಕೂತಿದ್ದ.

ಡೇರೆ ತುಂಬತೊಡಗಿತು. ಏಜೆಂಟ ಚಹಾದ ಅಂಗಡಿಯಲ್ಲಿ ಎರಡು ಕಪ್ಪು ಕುಡಿಯುವ ಕಡೆ ನಾಲ್ಕು ಕುಡಿಯತೊಡಗಿದ.

*

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯ ವ್ಯಾಪಾರ ಮಾಡಿದವನಿಗೆ ಅದನ್ನು ನಾಲ್ಕು ಜನರಿಗೆ ಹೇಳದಿದ್ದರೆ ಅನ್ನ ಇಳಿಯುವುದಿಲ್ಲ.

ಕಂಪನಿಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಪದ್ಧತಿ. ಆ ಮಧ್ಯಾಹ್ನ ಊರಿನ ಹಿರಿಯರೊಬ್ಬರು ಬಂದು ಯಮನಕ್ಕನಿಗೆ ಸೀರೆ ಉಡುಗೊರೆ ಮಾಡಿ ಹೋಗಿದ್ದರು. ಊಟಕ್ಕೆ ಕೂತಾಗ ಅದೇ ಮಾತು. ಅಕ್ಕಾರ ಗಂಟಲು ತಿರುಗಿ ಬಂತು, ದೇವರು ದೊಡ್ಡವನು ಎಂದರು. ದ್ಯಾಮಣ್ಣ ರೊಟ್ಟಿ ಮುರಿಯುತ್ತ, ನಮ್ಮ ಹಂಗಾಮಿ ಸಾವಕಾರರು ಬಂದು ಮಾಡಿದ್ದೇನೆಂದರೆ ನನ್ನ ಮಾತು ಕತ್ತರಿಸಿದ್ದು, ಅಷ್ಟೇ ಎಂದ. ಎಲ್ಲರೂ ನಕ್ಕರು. ಯಮನಕ್ಕನೂ ನಕ್ಕಳು.

ಆ ನಗೆ ಪಂಪಯ್ಯನಿಗೆ ಚುಚ್ಚಿತು.

"ಗಂಟಲು ತಿರುಗಿ ಬಂದಿಲ್ಲ" ಎಂದ. "ಮೂರು ಪಟ್ಟಿ ಕೆಳಗ ಇಳಿಸೀನಿ. ಅಕ್ಕಾರು ಈಗ ಹಾಡೂದು ಬಿಳಿ ಐದು."

ಯಾರೂ ಆಶ್ಚರ್ಯಪಡಲಿಲ್ಲ. ಪಂಪಯ್ಯನಿಗೆ ಅದೇ ಆಶ್ಚರ್ಯವಾಯಿತು. ಎಲ್ಲರೂ ತಮ್ಮ ತಮ್ಮ ತಾಟು ನೋಡಿಕೊಂಡರು, ಮನೆಯ ಒಳಗಿನ ಬಾಗಿಲನ್ನು ಹೊರಗಿನವನು ತೆರೆದಾಗ ಮನೆಯವರು ನೋಡುವ ಹಾಗೆ. ಮೌಲಾಸಾಬ ಮಾತ್ರ ಮೆಲ್ಲಗೆ, ಉಣ್ಣೂ ಹೊತ್ತಿನಾಗ ಇದೆಲ್ಲ ಯಾಕ್ರಿ ಎಂದ.

ಯಮನಕ್ಕ ಎದ್ದಳು. ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯಿತು. ಕೈ ತೊಳೆದುಕೊಂಡು ತನ್ನ ಜಾಗಕ್ಕೆ ಹೋಗಿ ಟ್ರಂಕು ಎಳೆದಳು.

ಅವಳು ಕೂಗಾಡಲಿಲ್ಲ. ನಾಳೆಯ ಆಟದ ಟಿಕೇಟು ಆಗಲೇ ಹೋಗಿದೆ, ಅದನ್ನು ಆಡಿಕೊಡುತ್ತೇನೆ, ನಾಡಿದ್ದು ಬೆಳಗ್ಗಿನ ಬಸ್ಸಿಗೆ ಹೋಗುತ್ತೇನೆ ಎಂದು ಹೇಳಿ ಕಳಿಸಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸಂಜೆಯೊಳಗೆ ಇನ್ನೂ ಮೂವರು ತಮ್ಮ ಗಂಟು ಕಟ್ಟಿಟ್ಟುಕೊಂಡಿದ್ದು ಪಂಪಯ್ಯನ ಕಣ್ಣಿಗೆ ಬಿತ್ತು. ಏಜೆಂಟ ಅವತ್ತು ಎದುರಿಗೆ ಸಿಕ್ಕಾಗ ನಮಸ್ಕಾರ ಮಾಡಿದ.

ಪಂಪಯ್ಯ ಬೆಳಗಾಗುತ್ತಲೇ ಹೊಳೆದಂಡೆಯಲ್ಲಿದ್ದ.

*

"ನಾ ಸುಳ್ಳು ಹೇಳಿಲ್ಲ ಅಜ್ಜಾರ" ಎಂದ. "ಇದ್ದದ್ದು ಹೇಳೀನಿ. ಇದ್ದದ್ದು ಹೇಳಿದ್ದಕ್ಕ ಕಂಪನಿ ಒಡೀತದ ಅಂದ್ರ ಏನು ನ್ಯಾಯ?"

ಹಸಿದು ಬಂದಿದ್ದೀ, ಮೊದಲು ಉಣ್ಣು ಎಂದರು ಗುರುಗಳು. ಬೆಳಗಿನ ಪಂಕ್ತಿ ಕೂತಿತ್ತು. ದಾರಿಹೋಕರು, ಸಂತೆಗೆ ಹೊರಟವರು, ಮಠದ ಆಳುಗಳು, ಎಲ್ಲ ಸೇರಿ ನಲವತ್ತು ಜನ ಇದ್ದರು. ಪಂಪಯ್ಯ ನಡುವೆ ಕೂತ. ಗುರುಗಳು ಎದುರಿಗೆ ಕಟ್ಟೆಯ ಮೇಲೆ ಕೂತರು.

ಮೊದಲ ರೊಟ್ಟಿ ಮುಗಿಯಿತು. ಎರಡನೆಯದು ಬಿತ್ತು.

"ಪಂಪಯ್ಯಂದು ಎರಡನೇದು" ಎಂದರು ಗುರುಗಳು, ಪಂಕ್ತಿಗೆಲ್ಲ ಕೇಳುವ ಹಾಗೆ.

ಪಂಪಯ್ಯ ತಲೆ ಎತ್ತಿ ನೋಡಿದ. ಏನೋ ಮಾತಿಗೆ ಅಂದರು ಎಂದುಕೊಂಡು ಮುಂದುವರಿಸಿದ.

"ಮೂರನೇದು. ಪಲ್ಯಾ ಎರಡು ಸಲ ಹಾಕಿಸಿಕೊಂಡ."

ಪಕ್ಕದವನು ಬಾಗಿ ಪಂಪಯ್ಯನ ತಾಟು ನೋಡಿದ. ಎದುರು ಸಾಲಿನಲ್ಲಿ ಇಬ್ಬರು ಹೆಂಗಸರು ಸೆರಗು ಬಾಯಿಗೆ ಹಿಡಿದರು.

"ನಾಕನೇದಕ್ಕ ಕೈ ಹಾಕ್ಯಾನ."

ಪಂಪಯ್ಯನ ಕೈ ರೊಟ್ಟಿಯ ಮೇಲೆ ನಿಂತಿತು. ಹಸಿವು ಇತ್ತು. ಬಾಯಿಗೆ ಹೋಗಲಿಲ್ಲ.

"ಯಾಕ, ಲೆಕ್ಕ ತಪ್ಪೇತೇನು?" ಎಂದರು ಗುರುಗಳು.

"ಇಲ್ರಿ."

"ನಾ ಸುಳ್ಳು ಹೇಳಿದ್ನೇನು?"

"ಇಲ್ರಿ ಅಜ್ಜಾರ."

"ಹಂಗಾರ ಉಣ್ಣು."

ಪಂಪಯ್ಯ ಉಣ್ಣಲಿಲ್ಲ. ಎದ್ದು ಕೈ ತೊಳೆದುಕೊಂಡ. ಪಂಕ್ತಿ ಮುಗಿಯುವ ಮೊದಲು ಎದ್ದದ್ದು ಮಠದಲ್ಲಿ ಅವನಿಗೆ ಅದೇ ಮೊದಲು. ಅವನು ಹರಿಗೋಲಿನ ಕಡೆ ನಡೆದ.

ದಾರಿಯುದ್ದಕ್ಕೂ ಅವನಿಗೆ ಒಂದೇ ಲೆಕ್ಕ. ಗದಿಗೆಪ್ಪ ಇದ್ದಾಗಲೂ ಯಮನಕ್ಕ ಹಾಡುತ್ತಿದ್ದಳು, ಡೇರೆ ತುಂಬುತ್ತಿತ್ತು. ಮೌಲಾಸಾಬನ ಸಣ್ಣ ಬಾಯಿಯ ತಬಲಾದ ಮೇಲೆ ಧೂಳಿತ್ತು. ಅಂದರೆ ಗದಿಗೆಪ್ಪ ಎಂದೋ ಇಳಿಸಿದ್ದ. ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವಳು ಕರಿ ಐದು ಎನ್ನುವುದು, ಅವನು ಹೂಂ ಎಂದು ಬಿಳಿ ಐದು ಹಿಡಿಯುವುದು. ಬಟ್ಟೆ ಅಂಗಡಿಯಲ್ಲಿ ಗಿರಾಕಿ ಒಂದು ಬೆಲೆ ಹೇಳುತ್ತಾನೆ, ಅಂಗಡಿಯವನು ಇನ್ನೊಂದು ಹೇಳುತ್ತಾನೆ, ಕೊಡುವ ಬೆಲೆ ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ. ಅಂಥ ವ್ಯಾಪಾರದ ನಡುವೆ ನುಗ್ಗಿ, ಅಸಲು ಇಷ್ಟು ಎಂದು ಕೂಗಿದ ದಡ್ಡನನ್ನು ಅವನು ಅಡತಿಯಲ್ಲಿ ಕಂಡಿದ್ದ. ಆ ದಡ್ಡನನ್ನು ಎಲ್ಲರೂ ಸೇರಿ ಅಂಗಡಿಯಿಂದ ಇಳಿಸಿದ್ದರು.

*

ಮೂರು ಗಂಟೆಗೆ ಅವನು ಎಲ್ಲರನ್ನೂ ರಂಗದ ಮೇಲೆ ಕರೆದ. ಯಮನಕ್ಕ ಬರುವುದಿಲ್ಲ ಎಂದಳು. ಅವನು ಎರಡನೆಯ ಸಲ ಮೌಲಾಸಾಬನನ್ನು 'ನಾಂದಿಯ ತಾಲೀಮು' ಎಂದು ಹೇಳಿ ಕಳಿಸಿದ. ನಾಂದಿ ಎಂದರೆ ಕಂಪನಿಯ ಮಂದಿಯೆಲ್ಲ ಕೂಡಿ ಹಾಡುವ ಮೊದಲ ಪ್ರಾರ್ಥನೆ. ಅದಕ್ಕೆ ಬರುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬಂದಳು, ಒಂದು ಬದಿಗೆ ನಿಂತಳು.

ಪಂಪಯ್ಯ ಪೇಟಿಯ ಮುಂದಿನ ಸ್ಟೂಲಿನಿಂದ ಎದ್ದ.

"ನಿನ್ನೆ ಪಂಕ್ತ್ಯಾಗ ಆಡಿದ ಮಾತು ನನ್ನ ಕೆಲಸ ಅಲ್ಲ" ಎಂದ. "ಯಾರ ಸ್ವರ ಎಲ್ಲೈತಿ ಅಂತ ಹೇಳಾವ ನಾ ಅಲ್ಲ. ಅಕ್ಕಾರ, ನೀವ ಕೂಡ್ರಿ. ನೀವ ಬೆರಳಿಡ್ರಿ. ನೀವು ಇಟ್ಟಲ್ಲಿ ನಾವೆಲ್ಲ ಹಾಡ್ತೀವಿ."

ಪಂಪಯ್ಯ ಬಗ್ಗಿ ಸ್ಟೂಲಿನ ಮೇಲಿನ ಧೂಳನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದ, ರಂಗ ಹತ್ತಿ ನಾಂದಿಯವರ ಸಾಲಿನಲ್ಲಿ ಕೊನೆಗೆ ನಿಂತ.

ಯಮನಕ್ಕ ಬಹಳ ಹೊತ್ತು ನೋಡಿದಳು. ಕೆಳಗಿಳಿದು ಬಂದು ಕೂತಳು. ಕಾಲಿನಿಂದ ಪೇಟಿಗೆ ಗಾಳಿ ತುಂಬಿದಳು. ಬೆರಳು ಐದನೆಯ ಕರಿ ಪಟ್ಟಿಯ ಮೇಲೆ ಇಟ್ಟಳು. ಸ್ವರ ಡೇರೆಯ ತುಂಬ ನಿಂತಿತು. ಅವಳು ಕಣ್ಣು ಮುಚ್ಚಿ ಒಳಗೊಳಗೇ ಅದನ್ನು ಮುಟ್ಟಿ ನೋಡಿದಳು.

ಆಮೇಲೆ ಬೆರಳು ಸರಿಯಿತು. ಒಂದು, ಎರಡು, ಮೂರು. ಬಿಳಿ ಐದರ ಮೇಲೆ ಬಂದು ಕೂತಿತು.

ತಲೆ ಎತ್ತಿ ಎಲ್ಲರ ಕಡೆ ಒಮ್ಮೆ ನೋಡಿದಳು, ರಂಗದ ಮೇಲೆ ರಾಣಿ ಸಭೆಯನ್ನು ನೋಡುವ ಹಾಗೆ. "ಕರಿ ಐದು" ಎಂದಳು.

"ಹೌದ್ರಿ ಅಕ್ಕಾರ, ಕರಿ ಐದು" ಎಂದ ಮೌಲಾಸಾಬ, ದೊಡ್ಡ ಬಾಯಿಯ ತಬಲಾ ಎಳೆದುಕೊಳ್ಳುತ್ತ.

"ನನ್ನ ಕಣ್ಣಿಗೂ ಕರಿ ಕಾಣಸ್ತೈತಿ" ಎಂದ ದ್ಯಾಮಣ್ಣ. "ಬಿಸಿಲಿಗಿ ಬಣ್ಣ ಹೋಗೇತಿ, ಅಷ್ಟ."

ಮೊದಲು ನಕ್ಕವಳು ಯಮನಕ್ಕ. ನಾಂದಿ ಆ ಸ್ವರಕ್ಕೇ ಆಯಿತು. ಪಂಪಯ್ಯನಿಗೆ ಅದು ತಗ್ಗಾಗಿತ್ತು, ಎಳೆದುಕೊಂಡು ಹಾಡಿದ.

ಸಾಯಂಕಾಲದ ಹೊತ್ತಿಗೆ ಅವಳ ಟ್ರಂಕು ಗೋಡೆಯ ಬದಿಗೆ ಹೋಗಿತ್ತು. ಉಳಿದ ಮೂವರು ತಮ್ಮ ಗಂಟುಗಳನ್ನು ಯಾವಾಗ ಬಿಚ್ಚಿದರೋ ಯಾರೂ ನೋಡಲಿಲ್ಲ. ಬಣ್ಣ ಹಚ್ಚಿಕೊಳ್ಳುತ್ತ ಕೂತಿದ್ದ ಯಮನಕ್ಕ ಪಂಪಯ್ಯನನ್ನು ಹತ್ತಿರ ಕರೆದಳು.

"ಗದಿಗೆಪ್ಪಗ ಇದನ್ನ ಹೇಳಬ್ಯಾಡ್ರಿ" ಎಂದಳು, ಕನ್ನಡಿಯಿಂದ ಕಣ್ಣು ತೆಗೆಯದೆ. "ನನಗ ಗೊತ್ತಿಲ್ಲ ಅಂತ ತಿಳಕೊಂಡಾನ. ವರ್ಷಗಟ್ಟಲೆ ಆತು, ಹೊಸದಾಗಿ ಒಂದು ಪಟ್ಟಿ ಇಳಿಸಿದಾಗೆಲ್ಲ ಬೆಲ್ಲ ಕದ್ದವನಂಗ ಮಾರಿ ಮಾಡಿಕೊಂಡು ಕೂಡ್ತಾನ. ಅದು ಅವನ ಸಮಾಧಾನ. ಯಾಕ ಕೆಡಸೂದು?"

"ನಿಮಗ ಮೊದಲ ಗೊತ್ತಿತ್ತಂದ್ರ ಪಂಕ್ತಿ ಬಿಟ್ಟು ಯಾಕ ಎದ್ರಿ?"

"ಗೊತ್ತಿರೂದು ಬ್ಯಾರೆ, ತಾಟಿಗೆ ಬಡಸೂದು ಬ್ಯಾರೆ" ಎಂದು ಯಮನಕ್ಕ ಹುಬ್ಬು ತೀಡಿಕೊಂಡಳು.

*

ಮೊದಲ ಮಳೆ ಬಿದ್ದ ವಾರ ಗದಿಗೆಪ್ಪ ಬಡಿಗೆ ಊರಿಕೊಂಡು ಬಂದ. ಡೇರೆಯ ಸುತ್ತ ಒಂದು ಸುತ್ತು ಹಾಕಿದ. ತೇಪೆ ಹಾಕಿದ ಪರದೆ ನೋಡಿದ, ದ್ಯಾಮಣ್ಣನ ದೂರು ಕೇಳಿದ, ಇನ್ನೂ ಕತ್ತರಿಸಬೇಕಿತ್ತು ಎಂದ. ತನ್ನ ಮಂದಿಯನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಮಾತಾಡಿಸಿದ. ಎಲ್ಲರೂ ಇದ್ದರು.

ಆಮೇಲೆ ಪಂಪಯ್ಯನ ತೋಳು ಹಿಡಿದು ಡೇರೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಅಕ್ಕಾರಿಗೆ ಯಾವ ಪಟ್ಟಿ ಕೊಟ್ರಿ?"

"ಕರಿ ಐದು."

ಗದಿಗೆಪ್ಪನ ಮುಖ ಬಿಳಿಚಿತು. "ಹಾಡಿದ್ರ?"

"ಹಾಡಿದ್ರು. ಒನ್ಸ್ ಮೋರ್ ಬಂತು."

ಗದಿಗೆಪ್ಪ ಅವನನ್ನು ಸ್ವಲ್ಪ ಹೊತ್ತು ನೋಡಿದ. ಮೆಲ್ಲಗೆ ನಗು ಬಂತು. "ನಿಮಗ ಕಿವಿ ಐತಿ" ಎಂದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದ. ತಾನೂ ಇಳಿಸಿಯೇ ಕೊಡುತ್ತಿದ್ದೆ, ಅವಳಿಗೆ ಮಾತ್ರ ಇಂದಿಗೂ ಗೊತ್ತಿಲ್ಲ, ಗೊತ್ತಾದರೆ ಒಂದು ದಿನ ನಿಲ್ಲುವವಳಲ್ಲ, ನಿಮ್ಮ ಬಾಯಿಂದ ಜಾರಬಾರದು ಎಂದ.

"ಇಲ್ರಿ" ಎಂದ ಪಂಪಯ್ಯ. "ಜಾರೂದಿಲ್ಲ."

ಉಂಡು ಹೋಗ್ರಿ ಎಂದರು ಎಲ್ಲರೂ. ಉಂಡು ಹೊರಟ.

*

ಹೊಳೆಗೆ ಹೊಸ ನೀರು ಬಂದಿತ್ತು. ಗುರುಗಳು ಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಪಂಪಯ್ಯ ನಮಸ್ಕಾರ ಮಾಡಿ ಎರಡು ಮೆಟ್ಟಿಲು ಕೆಳಗೆ ಕೂತ.

"ಎಷ್ಟು ಮಂದಿ ಒಪ್ಪಿಸಿದಿ?"

"ಇಪ್ಪತ್ತೆರಡೂ ಮಂದಿ ಅದಾರ್ರಿ."

"ಆ ಹಾಡಾಕಿ?"

"ಅದಾರ್ರಿ."

"ಟ್ರಂಕು ಕಟ್ಟಿದಾಕಿ ಹ್ಯಾಂಗ ಬಿಚ್ಚಿದಳು?"

ಪಂಪಯ್ಯ ನೀರಿನ ಕಡೆ ನೋಡಿದ. ಈ ಬೇಸಿಗೆಯಲ್ಲಿ ಅವನು ಮಾಡಿದ ಒಳ್ಳೆಯ ಕೆಲಸ ಅದೊಂದೇ. ನಾಲಿಗೆಯ ತುದಿಯಲ್ಲಿತ್ತು. ಯಾರಿಗಾದರೂ ಹೇಳಬಹುದಾಗಿದ್ದರೆ ಅದು ಗುರುಗಳಿಗೆ ಮಾತ್ರ. ಹೇಳಿದರೆ ಮೆಚ್ಚುತ್ತಾರೆ ಎಂದೂ ಗೊತ್ತಿತ್ತು.

"ಅವರ ಮನಸ್ಸಿಗೆ ಬಂತ್ರಿ" ಎಂದ. "ಬಿಚ್ಚಿದ್ರು."

"ನೀ ಏನು ಮಾಡಿದಿ?"

"ಪೇಟಿ ನುಡಿಸಿದೆ."

"ಗದಿಗೆಪ್ಪ ಏನಂದ?"

"ಉಂಡು ಹೋಗ್ರಿ ಅಂದ್ರು."

ಗುರುಗಳು ಕಾಲು ಒರೆಸಿಕೊಂಡು ಎದ್ದರು.

"ಹಂಗಾರ ಕೇಳು. ಕೊಟ್ಟದ್ದು ಇಪ್ಪತ್ತೆರಡು, ಬಂದದ್ದು ಇಪ್ಪತ್ತೆರಡು, ಮಠ ನಿಂದು. ನೀ ಹೇಳದ ಇಟ್ಟುಕೊಂಡದ್ದು ಎಷ್ಟೈತೋ, ಅದು ಮ್ಯಾಲಿನ ಲಾಭ."